ರವಿಕೆ ಕಣದ ಎಸ್ಟೇಟು

ನೈರೋಬಿಯ ನಮ್ಮ ಕನ್ನಡದ ಹೆಂಗಸರ ನಡುವೆ ಒಂದು ಗಿಳಿಹಸಿರು ರವಿಕೆ ಕಣ ಓಡಾಡಿಕೊಂಡಿತ್ತು. ವರಮಹಾಲಕ್ಷ್ಮಿಗೆ ಅರಿಶಿನ ಕುಂಕುಮದ ಜೊತೆ ನನ್ನ ಮಡಿಲಿಗೆ ಬಂದದ್ದನ್ನು ನಾನು ಗೌರಿ ಹಬ್ಬಕ್ಕೆ ಇನ್ನೊಬ್ಬರಿಗೆ ದಾಟಿಸುತ್ತಿದ್ದೆ. ಅವರು ನವರಾತ್ರಿಗೆ ಮತ್ತೊಬ್ಬರಿಗೆ. ಹೀಗೆ ನಮ್ಮವರೇ ಹೆಚ್ಚಿದ್ದ ನ್ಗಾರಾ ಬಡಾವಣೆ ಸುತ್ತಿ, ಊರೆಲ್ಲ ತಿರುಗಿ, ಸಂಕ್ರಾಂತಿಯ ಹೊತ್ತಿಗೆ ಎಳ್ಳುಬೆಲ್ಲದ ಪೊಟ್ಟಣದ ಕೆಳಗೆ ಮಡಚಿಕೊಂಡು ಅದು ಮತ್ತೆ ನನ್ನ ಮನೆಗೇ ಬಂದು ಕೂರುತ್ತಿತ್ತು. ಹೊಲಿಸಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಒಂದು ಸಲ ನೀರು ಕಂಡರೆ ಪಕ್ಕದ ಬಟ್ಟೆಗಳನ್ನೂ ಹಸಿರು ಮಾಡಿಬಿಡುವ ಜಾತಿಯದು ಎಂದು ಅದರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಎಂಬತ್ತರ ದಶಕದ ಕೊನೆಯಲ್ಲಿ ನಾವು ಊರಿನ ಇನ್ನೊಂದು ಬಡಾವಣೆ ಲ್ಯಾವಿಂಗ್ಟನ್‌ಗೆ ಮನೆ ಬದಲಾಯಿಸಿದೆವು. ನನ್ನ ಗಂಡ ಕಣ್ಣಿನ ಡಾಕ್ಟರು. ಬೇಲಿಯಾಚೆಯ ಹಳೆಯ ಮನೆಯಲ್ಲಿ ವೇಲ್ಸ್ ದೇಶದ ಒಬ್ಬ ವಿಧವೆ ಅಜ್ಜಿ ನಾಯಿಗಳ ಜೊತೆ ಇದ್ದರು. ನಲವತ್ತು ವರ್ಷದಿಂದ ಕೀನ್ಯಾದಲ್ಲೇ ಇದ್ದವರು. ಆ ವರ್ಷದ ವರಮಹಾಲಕ್ಷ್ಮಿಗೆ ಅವರನ್ನು ಕರೆದೆ. ವಿಧವೆಗೆ ತಾಂಬೂಲ ಕೊಡುವುದೇ ಎಂದು ಊರಲ್ಲಾಗಿದ್ದರೆ ಯಾರಾದರೂ ಕೇಳುತ್ತಿದ್ದರೇನೋ. ಇಲ್ಲಿ ಕೇಳುವವರಿರಲಿಲ್ಲ, ಇದ್ದಿದ್ದರೂ ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ತೆಂಗಿನಕಾಯಿ, ವೀಳ್ಯದೆಲೆಯ ಜೊತೆ ಗಿಳಿಹಸಿರು ಕಣವನ್ನೂ ಇಟ್ಟು ಕೈಮುಗಿದೆ. ಭಕ್ತಿಗಿಂತ ಪೀಡೆ ತೊಲಗಿತು ಎಂಬ ಸಂತೋಷವೇ ಹೆಚ್ಚಾಗಿತ್ತು ಎಂಬುದನ್ನು ದೇವಿಗೂ ಮುಚ್ಚಿಟ್ಟಿಲ್ಲ.

ಕೆಲವು ದಿನ ಬಿಟ್ಟು ಅವರ ಮನೆಗೆ ಚಹಾಕ್ಕೆ ಹೋದರೆ ಆ ಕಣ ಮೇಜಿನ ಮೇಲೆ ತುಂಡು ತುಂಡಾಗಿ ಬಿದ್ದಿತ್ತು. ಅಷ್ಟೂ ಹೆಂಗಸರು ವರ್ಷಗಟ್ಟಲೆ ಮಡಿಕೆ ಕೂಡ ಕೆಡದಂತೆ ಕಾಪಾಡಿದ್ದನ್ನು ಈಕೆ ಕತ್ತರಿಸಿಯೇ ಬಿಟ್ಟಿದ್ದಾರೆ!

"ಇದು ಮನೆಯ ಹಿಂದಿನ ಗುಡ್ಡ" ಎಂದರು ಅಜ್ಜಿ. ಅವರು ಆಡುತ್ತಿದ್ದುದೆಲ್ಲ ಇಂಗ್ಲಿಷಿನಲ್ಲಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಮಳೆ ನಿಂತ ಮೇಲೆ ಬಿಸಿಲು ಬಿದ್ದರೆ ಇದೇ ಬಣ್ಣ. ಇಷ್ಟು ವರ್ಷ ಹುಡುಕುತ್ತಿದ್ದೆ. ಇನ್ನೂ ಇದೆಯಾ?"

ಅವರು ಹೊಲಿಯುತ್ತಿದ್ದುದು ನಮ್ಮಲ್ಲಿ ಕೌದಿ ಅನ್ನುತ್ತಾರಲ್ಲ, ಅದೇ. ಆದರೆ ಇದು ಚೌಕ ಚೌಕದ ಕೌದಿಯಲ್ಲ, ಒಂದು ಊರು. ವೇಲ್ಸಿನ ಬೆಟ್ಟಗಳ ನಡುವಿನ ಹಳೆಯ ಎಸ್ಟೇಟೊಂದನ್ನು ಬಟ್ಟೆಯ ಚೂರುಗಳಲ್ಲಿ ಕಟ್ಟಲು ಹೊರಟಿದ್ದರು. ಗುಡ್ಡದ ಮೇಲೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆಗಳು, ಕಣಿವೆಯಲ್ಲಿ ಸದ್ದು ಮಾಡುತ್ತ ಓಡುವ ಸಣ್ಣ ಹೊಳೆ, ಓಕ್ ಮರಗಳ ತೋಪು, ಎಲ್ಲಿ ನೋಡಿದರೂ ಕುರಿ, ಇವೆಲ್ಲದರ ನಡುವೆ ದೊಡ್ಡ ಬಂಗಲೆ. ಬಂಗಲೆಯ ಹುಲ್ಲುಹಾಸಿಗೆ ಕುರಿ ನುಗ್ಗದಂತೆ ಒಂದು ಗೋಡೆಯಿತ್ತಂತೆ, ಆದರೆ ಅದನ್ನು ಹಳ್ಳದೊಳಗೆ ಇಳಿಸಿ ಕಟ್ಟಿದ್ದರಂತೆ. ಕಿಟಕಿಯಲ್ಲಿ ಕೂತ ದೊರೆಗಳಿಗೆ ಕುರಿ ಕಾಣಬೇಕು, ಗೋಡೆ ಕಾಣಬಾರದು, ಹಿಕ್ಕೆಯಂತೂ ಬರಲೇಬಾರದು. ದುಡ್ಡಿದ್ದವರ ತಲೆ ಹೇಗೆಲ್ಲ ಓಡುತ್ತದೆ ಎಂದು ನಾನು ಬೆರಗಾದೆ.

ಅಂಗಡಿಯಿಂದ ಹಸಿರು ಬಟ್ಟೆ ತಂದುಕೊಡುತ್ತೇನೆ ಎಂದರೆ ಅಜ್ಜಿ ಸಿಟ್ಟಾದರು. ಅವರ ಕಡೆ ಕೌದಿಗೆ ನೆರೆಹೊರೆಯವರ ಮನೆಯಲ್ಲಿ ಉಳಿದ ಬಟ್ಟೆಯೇ ಆಗಬೇಕಂತೆ. ದುಡ್ಡು ಕೊಟ್ಟು ತಂದದ್ದನ್ನು ಹೊಲಿದರೆ ಅದು ಕೌದಿಯಲ್ಲ, ಪರದೆ.

ಮನೆಗೆ ಬಂದು ಗಂಡನಿಗೆ ಹೇಳಿ ನಕ್ಕೆ. ಅವರು ನಗಲಿಲ್ಲ. ಅಜ್ಜಿ ಅವರ ಪೇಷೆಂಟು.

"ನಗಬೇಡ ಕಣೇ. ಅವರಿಗೆ ಗ್ಲಾಕೋಮಾ. ಸುತ್ತಲಿಂದ ಮುಚ್ಕೊಂಡು ಬರ್ತಿದೆ. ಈಗಲೇ ಕೊಳವೆ ಒಳಗಿಂದ ನೋಡಿದ ಹಾಗೆ ನಡುವೆ ಒಂಚೂರು ಮಾತ್ರ ಕಾಣೋದು. ಡ್ರಾಪ್ಸ್ ಹಾಕಿ ಒಂದಿಷ್ಟು ದಿನ ತಳ್ಳಬಹುದು, ಅಷ್ಟೇ."

"ಅವರಿಗೆ ಗೊತ್ತಾ?"

"ಗೊತ್ತಿರೋದಕ್ಕೇ ಹೊಲೀತಿರೋದು. ಪೂರ್ತಿ ಮುಚ್ಚೋದ್ರೊಳಗೆ ಆ ಮನೇನ ಒಂದ್ಸಲ ಇಡಿಯಾಗಿ ನೋಡಬೇಕಂತೆ. ಊರಿಗೆ ಹೋಗಿ ಬನ್ನಿ ಅಂದೆ. ನಾಯಿಗಳನ್ನ ಬಿಟ್ಟು ಎಲ್ಲಿಗೂ ಬರಲ್ಲ ಅಂತಾರೆ."

ಮಾರನೆಯ ದಿನವೇ ನಾನು ಫೋನ್ ಹಿಡಿದು ಕೂತೆ. ನಮ್ಮ ಗುಂಪಿಗೆ ಒಬ್ಬ ಹಿರಿಯಾಕೆಯಿದ್ದರು, ಮೈಸೂರಿನ ಕಡೆಯ ಲೆಕ್ಚರರೊಬ್ಬರ ಹೆಂಡತಿ. ನ್ಗಾರಾದಲ್ಲಿ ಅವರ ಮನೆ. ಅವರು ಒಪ್ಪಿದರೆ ಎಲ್ಲರೂ ಒಪ್ಪಿದ ಹಾಗೆ.

"ತಾಂಬೂಲದ ಕಣಾನ ಚೂರು ಮಾಡೋದಾ? ಏನಮ್ಮಾ ನಿನ್ನ ಮಾತು!" ಎಂದರು.

"ಅಕ್ಕಾ, ಹೊಲಿಸಿಕೊಳ್ಳದೆ ಸುತ್ತಿಸ್ತಿದ್ದೀವಲ್ಲ, ಅದೇನು ಶ್ರೇಯಸ್ಸಾ?"

ಅವರು ಕೌದಿಯ ಕಥೆಯನ್ನು ಇನ್ನೊಮ್ಮೆ ಮೊದಲಿಂದ ಹೇಳಿಸಿಕೊಂಡರು. ಆಮೇಲೆ, "ಆಕೆ ಯಾರು, ಆ ಎಸ್ಟೇಟಿನ ಮಗಳಾ?"

"ನಮ್ಮ ಮನೆ, ನಮ್ಮ ಮನೆ ಅಂತಾರಪ್ಪ."

"ಹಾಗನ್ನು. ಜಮೀನ್ದಾರರ ಮನೆ ಹೆಣ್ಣುಮಗಳು. ಪಾಪ, ಈ ವಯಸ್ಸಲ್ಲಿ ತೌರು ನೆನಪಾಗಿದೆ."

ತೌರು ಎಂಬ ಮಾತು ಬಂದ ಮೇಲೆ ಯಾರನ್ನೂ ಹಿಡಿಯುವಂತಿರಲಿಲ್ಲ. ಭಾನುವಾರ ಮಧ್ಯಾಹ್ನ ಎಲ್ಲರ ಬೀರುಗಳೂ ಖಾಲಿಯಾಗಿ ಅಜ್ಜಿಯ ಜಗಲಿಯಲ್ಲಿ ರಾಶಿ ಬಿತ್ತು. ಪಾಚಿ ಹಸಿರು, ಮಾವಿನೆಲೆ ಹಸಿರು, ಮೆಂತ್ಯದ ಸೊಪ್ಪಿನ ಹಸಿರು. ನಾನು ಕೊಟ್ಟದ್ದು ಅವರ ಬೀರುವಿನಲ್ಲಿ, ಅವರು ಕೊಟ್ಟದ್ದು ನನ್ನದರಲ್ಲಿ ಇದ್ದುದೆಲ್ಲ ಅಲ್ಲಿ ಬಯಲಾಯಿತು. ಯಾರೂ ಯಾರ ಮುಖವನ್ನೂ ನೋಡದೆ ಕತ್ತರಿ ಹಿಡಿದರು. ಅಜ್ಜಿ ಒಂದೊಂದು ಚೂರನ್ನೂ ಮೂಗಿನ ಹತ್ತಿರ ಹಿಡಿದು, ತಲೆ ಆಡಿಸಿ ಆಡಿಸಿ ನೋಡಿ, ಇದು ಜೌಗು, ಇದು ಜರೀಗಿಡ, ಇದು ಚರ್ಚಿನ ಹಿಂದಿನ ಇಳಿಜಾರು ಎಂದು ಹೇಳುತ್ತಿದ್ದರು. ನವಿಲು ನೀಲಿಯ ರೇಷ್ಮೆ ಹೊಳೆಯಾಯಿತು. ಕುರಿಗಳಿಗೆ ಅಜ್ಜಿ ತಮ್ಮ ದಿಂಬಿನ ಚೀಲವನ್ನೇ ಬಲಿಕೊಟ್ಟರು. ನಮ್ಮ ಹಿರಿಯಾಕೆಗೆ ಬಿಳಿ ಕುರಿ ಬೋಳಾಗಿ ಕಂಡಿತು. ಯಾರೂ ನೋಡದಾಗ ಒಂದೆರಡರ ಹಣೆಗೆ ಕೆಂಪು ದಾರದ ಬೊಟ್ಟಿಟ್ಟರು. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಲ್ಲಿ ಮಾತ್ರ ಇಂಗ್ಲಿಷು. ಅವಳು ಇದನ್ನು ಕಂಡು "ದಟ್ ಈಸ್ ಚೀಟಿಂಗ್" ಎಂದಳು. ಅವಳಿಗೆ ಚಕ್ಕುಲಿ ಕೊಟ್ಟು ಹೊರಗೆ ಕಳಿಸಿದೆವು.

ತೊಡಕು ಬಂದದ್ದು ಚಾವಣಿಗೆ. ಬಂಗಲೆಯ ಚಾವಣಿ ಸ್ಲೇಟ್ ಕಲ್ಲಿನದಂತೆ, ಮಳೆಯಲ್ಲಿ ನೆಂದರೆ ಕಪ್ಪಗೆ ಹೊಳೆಯುತ್ತದಂತೆ. ನಮ್ಮ ಅಷ್ಟೂ ಬೀರುಗಳಲ್ಲಿ ಒಂದು ಚೂರು ಕಪ್ಪು ಬಟ್ಟೆಯಿಲ್ಲ! ಇರುವುದಾದರೂ ಹೇಗೆ, ಅರಿಶಿನ ಕುಂಕುಮದ ಜೊತೆ ಕಪ್ಪು ಕಣ ಕೊಡುವ ಹೆಂಗಸು ನಮ್ಮಲ್ಲಿ ಹುಟ್ಟಿಲ್ಲ. ಅಜ್ಜಿಯ ಗಂಡನ ಕಪ್ಪು ಸೂಟಿತ್ತು, ಅದು ಅವರ ಮೈಮೇಲೇ ಮಣ್ಣಾಗಿತ್ತು. "ಅರಿಶಿನ ಬಣ್ಣ ಹಾಕಿಬಿಡೋಣ, ಲಕ್ಷಣವಾಗಿರತ್ತೆ" ಎಂದರು ಹಿರಿಯಾಕೆ. ಅಜ್ಜಿ ಜಪ್ಪಯ್ಯ ಅನ್ನಲಿಲ್ಲ. ಯಾವುದು ತಪ್ಪಿದರೂ ಚಾವಣಿ ತಪ್ಪಬಾರದು ಎಂದರು. ಹೊಗೆಗೂಡಿನ ಪಕ್ಕ ಯಾವ ಕಲ್ಲು ಒಡೆದಿತ್ತು, ಎಲ್ಲಿ ಕಾಗೆ ಗೂಡು ಕಟ್ಟುತ್ತಿತ್ತು, ಎಲ್ಲವೂ ಅವರಿಗೆ ಬಾಯಿಪಾಠ. ಚಾವಣಿಯ ಜಾಗ ಬೋಳಾಗಿಯೇ ಉಳಿಯಿತು. ಅಷ್ಟರಲ್ಲಿ ಅವರು ಸೂಜಿಗೆ ದಾರ ಪೋಣಿಸಲಾಗದೆ ನಮ್ಮ ಕೈಗೆ ಕೊಡತೊಡಗಿದರು. ನನಗೆ ಭಯವಾಯಿತು.

ನಮ್ಮ ಮನೆಯಲ್ಲಿ ಒಂದು ಕಪ್ಪು ಕೊಡೆಯಿತ್ತು. ಮದುವೆಯಲ್ಲಿ ಕಾಶೀಯಾತ್ರೆಗೆ ಹೊರಟ ಅಳಿಯನ ಕೈಗೆ ನಮ್ಮಪ್ಪ ಕೊಟ್ಟ ಕೊಡೆ. ಯಜಮಾನರು ಅದನ್ನು ನೈರೋಬಿಯವರೆಗೆ ಹೊತ್ತು ತಂದಿದ್ದರು. ಮಳೆಗೆ ಹಿಡಿಯುತ್ತಿದ್ದುದು ಅಪರೂಪ. ನಮಗೆ ಜಗಳವಾದಾಗಲೆಲ್ಲ ಅದನ್ನು ಬಗಲಲ್ಲಿಟ್ಟುಕೊಂಡು, "ಅವತ್ತು ಅರ್ಧದಲ್ಲಿ ವಾಪಸ್ ಕರೆದರು, ಈಗ ಪೂರ್ತಿ ಹೋಗ್ತೀನಿ" ಎಂದು ಗೇಟಿನವರೆಗೆ ನಡೆಯುತ್ತಿದ್ದರು. ಗೇಟಿನ ಕಾವಲುಗಾರ "ಸವಾ, ಡಾಕ್ಟರ್?" ಎಂದು ಕುಶಲ ಕೇಳಿದೊಡನೆ ತಿರುಗಿ ಬರುತ್ತಿದ್ದರು. ಆ ಕೊಡೆಯನ್ನು ಕೇಳುವ ಬಾಯಿ ನನಗಿರಲಿಲ್ಲ. ಕಣ್ಣು ಮಾತ್ರ ಅದರ ಮೇಲೇ ಇತ್ತು.

ಒಂದು ಸಂಜೆ ಅವರು ಆಸ್ಪತ್ರೆಯಿಂದ ಬಂದವರು ಶೂ ಕೂಡ ಬಿಚ್ಚದೆ ಕೊಡೆ ತಂದು ನನ್ನ ಮುಂದಿಟ್ಟರು.

"ತಗೋ, ಕತ್ತರಿಸು."

"ಯಾಕ್ರೀ?"

"ಇವತ್ತು ಅಜ್ಜಿ ಬಂದಿದ್ರು. ಡ್ರಾಪ್ಸು ಇನ್ನು ಕೆಲಸ ಮಾಡ್ತಿಲ್ಲ. ಕಣ್ಣಿಗೆ ನಾನು ಮಾಡೋಂಥದ್ದು ಏನೂ ಉಳಿದಿಲ್ಲ." ಶೂ ಬಿಚ್ಚಲು ಕೂತು, "ಕಾಶಿಗೆ ಬೇರೆ ದಾರಿ ನೋಡ್ಕೋತೀನಿ" ಎಂದರು.

ನನಗೆ ಅಳು ಬಂತು. ಅಳುತ್ತಲೇ ಕತ್ತರಿ ತಂದೆ, ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಎಂದು.

ಚಾವಣಿ ಏರಿತು. ಉಳಿದದ್ದು ಬಂಗಲೆಯ ಮುಂಭಾಗ. ಅದೊಂದು ವಿಚಿತ್ರ. ಅಡುಗೆಮನೆಯ ಹಿಂದಿನ ಮೋರಿ ಯಾವ ಕಡೆ ಹರಿಯುತ್ತಿತ್ತು, ಬಟ್ಟೆ ಒಗೆಯುವ ಕೋಣೆಯ ಮೆಟ್ಟಿಲು ಎಲ್ಲಿ ಸವೆದಿತ್ತು ಎಂಬುದನ್ನೆಲ್ಲ ಹೇಳಿ ಹೊಲಿಸಿದ ಅಜ್ಜಿ, ಮುಂಬಾಗಿಲು ಹೇಗಿತ್ತು ಎಂದರೆ "ಬಾಗಿಲು ಇತ್ತು" ಎನ್ನುತ್ತಿದ್ದರು. ಬಾಗಿಲ ಮುಂದೆ? "ಏನೋ ಇತ್ತು." ಮರೆವು ಶುರುವಾಗಿದೆ ಎಂದು ನಾವು ಕಣ್ಣಲ್ಲೇ ಮಾತಾಡಿಕೊಂಡೆವು. ಮತ್ತೆ ಮತ್ತೆ ಕೇಳಿ ನೋಯಿಸುವುದು ಬೇಡ, ನಾವೇ ಮುಗಿಸೋಣ ಎಂದು ಕೌದಿಯನ್ನು ನ್ಗಾರಾಕ್ಕೆ ಹೊತ್ತೆವು.

ಹಿರಿಯಾಕೆಯ ಮನೆಯ ನಡುಮನೆಯಲ್ಲಿ ನಾಲ್ಕಾರು ಹೆಂಗಸರು ಕೂತು, ನೋಡದ ದೇಶದ ನೋಡದ ಬಂಗಲೆಯ ಮುಂಬಾಗಿಲು ಕಟ್ಟಿದೆವು. ಬಾಗಿಲಿಗೆ ಮರೂನು ರೇಷ್ಮೆ. ಬರೀ ಬಾಗಿಲು ಬಿಕೋ ಎನ್ನುತ್ತಿತ್ತು, ಮೇಲೊಂದು ಮಾವಿನೆಲೆಯ ತೋರಣ ಬಂತು. ಹೊಸ್ತಿಲಿಗೆ ಜರಿಯಂಚು ಬಂತು. "ಅಷ್ಟು ದೊಡ್ಡ ಮನೆತನ, ಅಂಗಳದಲ್ಲಿ ಒಂದು ಕಟ್ಟೆ ಇಲ್ಲದೆ ಇರತ್ಯೇ?" ಎಂದರು ಹಿರಿಯಾಕೆ. ಇಟ್ಟಿಗೆ ಕೆಂಪಿನ ಕಣದಲ್ಲಿ ಕಟ್ಟೆ ಎದ್ದಿತು. ಕಟ್ಟೆಯ ಮೇಲೆ ಏನಾದರೂ ಗಿಡ ಬೇಕಲ್ಲ, ತುಲಸಿ ನೆಟ್ಟೆವು. ಆ ಕ್ಷಣದಲ್ಲಿ ಅದರಲ್ಲಿ ಏನೂ ತಪ್ಪು ನಮಗೆ ಕಾಣಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಮನೆಗೆ ಬಂದು ಹರಡಿದಾಗ ನನ್ನ ಗಂಡ ಬಹಳ ಹೊತ್ತು ನೋಡಿ, "ಇದು ವೇಲ್ಸಾ, ನಂಜನಗೂಡಾ?" ಎಂದು ಕೇಳಿದರು. ಬಿಚ್ಚಲು ಹೊತ್ತಿರಲಿಲ್ಲ. ಬೆಳಿಗ್ಗೆ ಅಜ್ಜಿಗೆ ತೋರಿಸುತ್ತೇವೆಂದು ಹೇಳಿಯಾಗಿತ್ತು.

ಅವರ ತೋಟದಲ್ಲಿ ಜಕರಂಡಾ ಮರಗಳ ನಡುವೆ ಹಗ್ಗ ಕಟ್ಟಿ ಕೌದಿಯನ್ನು ತೂಗುಹಾಕಿದೆವು. ಅಜ್ಜಿ ಇಸ್ತ್ರಿ ಮಾಡಿದ ಫ್ರಾಕು ಹಾಕಿಕೊಂಡು ಬಂದು ಅದರ ಎದುರು ನಿಂತರು. ತಲೆಯನ್ನು ಅತ್ತ ಇತ್ತ, ಮೇಲೆ ಕೆಳಗೆ ಆಡಿಸಿದರು. ಒಂದು ಕುರಿ ಸಿಕ್ಕಿತು, ಗೋಡೆಯ ತುಂಡು ಸಿಕ್ಕಿತು, ಹೊಳೆಯ ತಿರುವು ಸಿಕ್ಕಿತು. ಇಡಿಯಾಗಿ ಯಾವುದೂ ಸಿಗಲಿಲ್ಲ.

"ತಡವಾಯಿತು. ಚೂರು ಚೂರೇ ಕಾಣುತ್ತದೆ" ಎಂದರು.

ಆಗ ನನ್ನ ಗಂಡ ಹೋಗಿ ಅವರ ಎರಡೂ ಭುಜ ಹಿಡಿದುಕೊಂಡರು. "ಹಿಂದಕ್ಕೆ ಬನ್ನಿ, ನಾನು ಹಿಡಿದಿದ್ದೇನೆ" ಎಂದು ಹೆಜ್ಜೆ ಹೆಜ್ಜೆಯಾಗಿ ಹಿಂಬದಿಗೆ ನಡೆಸಿದರು. ಕೊಳವೆ ಸಣ್ಣದಾದರೇನು, ದೂರ ಹೋದಷ್ಟೂ ಅದರೊಳಗೆ ಹಿಡಿಸುವುದು ಹೆಚ್ಚು. ಹೂವಿನ ಪಾತಿ ತುಳಿದರು, ನಾಯಿಯ ಬಾಲ ತುಳಿದರು, ನಿಲ್ಲಲಿಲ್ಲ. ಹಿಂದಿನ ಬೇಲಿಗೆ ಬೆನ್ನು ತಾಗುವ ಹೊತ್ತಿಗೆ ಅಜ್ಜಿ ಕೈಯೆತ್ತಿದರು.

"ಸಾಕು. ಬಂತು. ಎಲ್ಲ ಬಂತು."

ಎಷ್ಟೋ ಹೊತ್ತು ನೋಡಿದರು. ಆಮೇಲೆ ಅಲ್ಲಿಂದಲೇ ಕೂಗಿ ಕೇಳಿದರು, "ಬಾಗಿಲ ಮುಂದೆ ಕೆಂಪಗೆ ಇರುವುದೇನು?"

ಹಿರಿಯಾಕೆ ನನ್ನ ಬೆನ್ನ ಹಿಂದೆ ಸರಿದರು. ನಾನೇ ಹತ್ತಿರ ಹೋಗಿ, ಅದೊಂದು ಗಿಡದ ಕಟ್ಟೆ, ನಿಮ್ಮ ಮನೆಯಲ್ಲಿ ಇರಲಿಲ್ಲವೆಂದರೆ ಈಗಲೇ ಬಿಚ್ಚಿಬಿಡುತ್ತೇವೆ ಎಂದೆ.

"ನನಗೇನು ಗೊತ್ತು?" ಎಂದರು ಅಜ್ಜಿ. "ನಾನು ಅಲ್ಲಿ ಪಾತ್ರೆ ತೊಳೆಯುವ ಹುಡುಗಿ. ಮಲಗುತ್ತಿದ್ದುದು ಚಾವಣಿಯ ಕೆಳಗಿನ ಅಟ್ಟದಲ್ಲಿ, ಓಡಾಡುತ್ತಿದ್ದುದು ಹಿತ್ತಲಲ್ಲಿ. ಮುಂದಿನ ಹುಲ್ಲಿನ ಮೇಲೆ ಕಾಲಿಟ್ಟರೆ ಕೆಲಸ ಹೋಗುತ್ತಿತ್ತು. ಮುಂಭಾಗ ನೋಡುತ್ತಿರುವುದು ಇವತ್ತೇ."

ಮತ್ತೆ ಕೌದಿಯ ಕಡೆ ನೋಡಿದರು. ತೋರಣ, ಹೊಸ್ತಿಲು, ತುಲಸಿ, ಒಂದನ್ನೂ ಬಿಡದೆ ನೋಡಿದರು.

"ಇದ್ದಿದ್ದರೂ ಇದ್ದಿರಬಹುದು. ಬಿಚ್ಚಬೇಡಿ."