ಬೆಂಚು ಕಾದ ಸೀಸನ್

ನಮ್ಮ ಬಸವಕಲ್ಯಾಣದ ಬ್ಯಾಸ್ಕೆಟ್‌ಬಾಲ್ ಟೀಮಿಗೆ ಸಂಬಳ ಬರತೊಡಗಿದ ವರ್ಷವೇ ನನಗೆ ಆಟ ತಪ್ಪಿತು. ಅದಕ್ಕೂ ಮೊದಲು ಹದಿನೈದು ವರ್ಷ ಪುಕ್ಕಟೆ ಆಡಿದವರು ನಾವು. ಅಂಗಳದ ಬಿರುಕಿಗೆ ನಾವೇ ಸಿಮೆಂಟ್ ಮೆತ್ತಿದ್ದೆವು, ರಿಂಗಿಗೆ ನಾವೇ ಬಲೆ ಕಟ್ಟಿದ್ದೆವು. ಆಮೇಲೆ ಸುತ್ತಲಿನ ಊರುಗಳದ್ದೊಂದು ಲೀಗ್ ಶುರುವಾಯಿತು. ಬೇಳೆ ಮಿಲ್ಲಿನ ಸಾಹುಕಾರನೊಬ್ಬ ಟೀಮನ್ನು ಕೊಂಡುಕೊಂಡು, ತನ್ನ ಹೆಂಡತಿಯ ತಮ್ಮನನ್ನು ತಂದು ಕೋಚ್ ಮಾಡಿದ. ಆ ಮನುಷ್ಯ ಆಟ ಕಲಿತದ್ದು ಮೊಬೈಲಿನಲ್ಲಿ. ಕೊರಳಲ್ಲಿ ಸೀಟಿ ಹಾಕಿಕೊಂಡೇ ಊಟಕ್ಕೆ ಕೂಡುತ್ತಿದ್ದ. ಅವನನ್ನು ಮೊದಲ ದಿನದಿಂದಲೇ ನಾನು ದ್ವೇಷಿಸಿದೆ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಕೋಚ್ ಹೊರಗಿನಿಂದ ನಾಲ್ವರನ್ನು ಕರೆಸಿದ. ಅವರಲ್ಲಿ ಸೊಲ್ಲಾಪುರದವನೊಬ್ಬ ನನ್ನ ಜಾಗಕ್ಕೆ ಬಂದ. ನನಗಾಗ ಮೂವತ್ತೇಳು. ಎಡ ಮೊಣಕಾಲು ಬೆಳಿಗ್ಗೆ ಎದ್ದ ಕೂಡಲೇ ಮಡಚುವುದಿಲ್ಲ ಎಂದು ಹಟ ಹಿಡಿಯುತ್ತಿತ್ತು. ಮುಂದಿನ ವರ್ಷ ಆಡಲಾರೆ ಎಂಬುದು ನನಗೆ ಖಾತ್ರಿಯಾಗಿತ್ತು. ನನ್ನದು ಒಂದೇ ಆಸೆ: ಈ ಸೀಸನ್ ಮುಗಿಯುವುದರೊಳಗೆ ಒಮ್ಮೆಯಾದರೂ ಅಂಗಳಕ್ಕೆ ಇಳಿಯಬೇಕು. ಪ್ರತಿ ಪಂದ್ಯಕ್ಕೂ ಶೂ ಬಿಗಿದುಕೊಂಡು ಬೆಂಚಿನ ತುದಿಯಲ್ಲಿ ಕೂಡುತ್ತಿದ್ದೆ.

"ಸರ್, ಎರಡ ನಿಮಿಷ ಬಿಡ್ರಿ," ಎಂದು ಒಮ್ಮೆ ನಾಚಿಕೆ ಬಿಟ್ಟು ಕೇಳಿದೆ.

"ನಾ ಬಿಡ್ತೀನಿ, ನಿನ್ನ ಮೊಣಕಾಲ ಬಿಡ್ತದೇನು?" ಎಂದ ಕೋಚ್. ಬೆಂಚಿಗೆ ಬೆಂಚೇ ನಕ್ಕಿತು.

ಸೊಲ್ಲಾಪುರದವನು ಮಾತ್ರ ನಗಲಿಲ್ಲ. ಅವನು ನನ್ನನ್ನು ಅಣ್ಣಾ ಎನ್ನುತ್ತಿದ್ದ. ಅಂಗಳದಲ್ಲಿ ಎಲ್ಲಿ ಚೆಂಡು ಸರಿಯಾಗಿ ಪುಟಿಯುವುದಿಲ್ಲ ಎಂದು ಕೇಳಿ ತಿಳಿದುಕೊಳ್ಳುತ್ತಿದ್ದ. ಕೆಟ್ಟವನಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಅವನು ಒಳ್ಳೆಯವನಾದದ್ದೇ ನನ್ನ ಹೊಟ್ಟೆಯನ್ನು ಇನ್ನಷ್ಟು ಉರಿಸಿತು.

ಕೊನೆಯ ಪಂದ್ಯ ಹುಮನಾಬಾದಿನಲ್ಲಿ, ಅಲ್ಲಿನವರ ಮೇಲೆ. ಸೋತವರು ಲೀಗಿನಿಂದ ಹೊರಗೆ. ಅಲ್ಲಿ ದೀಪಗಳಿಲ್ಲ, ಆಟ ಸಂಜೆ ನಾಲ್ಕಕ್ಕೆ. ಒಂದು ರಿಂಗು ಪಡುವಣಕ್ಕಿದೆ. ಅದರ ಕಡೆ ಚೆಂಡು ಎಸೆಯುವವರ ಕಣ್ಣಿಗೆ ಸೂರ್ಯ ನೇರ ಹೊಡೆಯುತ್ತಾನೆ. ಹಾಗಾಗಿ ಆ ಊರಲ್ಲಿ ಮೊದಲಿನಿಂದಲೂ ಒಂದು ವಾಡಿಕೆ. ಬೇರೆ ಕಡೆ ಅರ್ಧ ಆಟಕ್ಕೊಮ್ಮೆ ರಿಂಗು ಅದಲು ಬದಲು ಮಾಡಿದರೆ, ಇಲ್ಲಿ ಕಾಲುಭಾಗಕ್ಕೊಮ್ಮೆ ಮಾಡುತ್ತಾರೆ. ಪಂದ್ಯ ಸಮನಾಗಿ ಹೆಚ್ಚಿನ ಐದು ನಿಮಿಷ ಆಡಬೇಕಾಗಿ ಬಂದರೆ ಆಗಲೂ ಒಮ್ಮೆ ಬದಲಿಸುತ್ತಾರೆ. ಬೇರೆಲ್ಲೂ ಹಾಗಿಲ್ಲ. ರೆಫ್ರಿ ಇದನ್ನು ಆಟಕ್ಕೆ ಮುಂಚೆ ನಮ್ಮ ಕೋಚಿಗೆ ಹೇಳಿದ್ದ. ಮಹಾಶಯ ಆಗ ಸಾಹುಕಾರನ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದ. ಕಾಲುಭಾಗದ ಬದಲಾವಣೆ ಆಡುತ್ತಾಡುತ್ತ ಎಲ್ಲರಿಗೂ ತಿಳಿಯಿತು; ಹೆಚ್ಚಿನ ಐದು ನಿಮಿಷದ್ದು ಮಾತ್ರ, ಅಲ್ಲಿ ಹಿಂದೆ ಆಡಿದ್ದ ನನಗಷ್ಟೇ ಗೊತ್ತಿತ್ತು.

ಪಂದ್ಯ ಸಮನಾಯಿತು. ಕೋಚ್ ಐವರನ್ನು ಗುಂಪುಗೂಡಿಸಿಕೊಂಡು ಹಲಗೆಯ ಮೇಲೆ ಗೆರೆ ಎಳೆಯತೊಡಗಿದ. ಬಾಣದ ಗುರುತನ್ನು ಕೊನೆಯ ಕಾಲುಭಾಗದಲ್ಲಿ ನಾವು ಎಸೆಯುತ್ತಿದ್ದ ರಿಂಗಿನ ಕಡೆಗೇ ಬರೆದಿದ್ದ. ನಾನು ಎದ್ದು ನಿಂತೆ.

"ಸರ್, ಈ ಊರಾಗ..."

"ಏ ಮುದುಕಾ, ನಿನಗ ಯಾರ ಕೇಳ್ಯಾರ? ಬಾಯಿ ಮುಚ್ಕೊಂಡು ಕೂಡು!"

ಎಲ್ಲರ ಎದುರಿಗೆ, ನಮ್ಮೂರಿನಿಂದ ಬಂದವರೂ ಕೇಳುವ ಹಾಗೆ ಅಂದ. ನಾನು ಕೂತೆ. ಬಾಯಿಯನ್ನೂ ಮುಚ್ಚಿದೆ. ಮುಚ್ಚಿದ ಬಾಯಿಯೊಳಗೆ ಖುಷಿಯೊಂದು ಹುಟ್ಟಿತ್ತು, ಸುಳ್ಳೇಕೆ ಹೇಳಲಿ.

ಸೀಟಿ ಊದಿದ್ದೇ ತಡ, ಚೆಂಡು ಸೊಲ್ಲಾಪುರದವನ ಕೈಗೆ ಬಂತು. ಅವನು ಓಡಿದ. ಹುಮನಾಬಾದಿನವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಬ್ಬನೇ ಹೋಗಿ, ಮೇಲಕ್ಕೆ ಜಿಗಿದು, ನಮ್ಮದೇ ರಿಂಗಿಗೆ ಚೆಂಡು ಹಾಕಿದ. ಎರಡು ಅಂಕ ಅವರಿಗೆ ಹೋದವು. ಅಂಗಳದ ಸುತ್ತ ನಗೆಯ ಗದ್ದಲವೆದ್ದಿತು. ಅವನು ಕೈ ಎತ್ತಿಕೊಂಡು ತಿರುಗಿದವನು, ನಗುತ್ತಿರುವವರನ್ನು ನೋಡಿ ಮೆಲ್ಲಗೆ ಕೈ ಇಳಿಸಿದ.

ಕೋಚ್ ಕೆಂಡವಾಗಿ ಅವನನ್ನು ಹೊರಗೆಳೆದ. ಅವನ ಜಾಗದಲ್ಲಿ ಆಡಬಲ್ಲವನು ಬೆಂಚಿನಲ್ಲಿ ನಾನೊಬ್ಬನೇ. ಕೊನೆಗೂ ಅಂಗಳಕ್ಕೆ ಇಳಿದೆ. ಮೊಣಕಾಲು ನೆನಪಾಗಲೇ ಇಲ್ಲ. ದೂರದಿಂದ ಎಸೆದ ಎರಡು ಚೆಂಡುಗಳು ರಿಂಗು ಹೊಕ್ಕವು, ನಮ್ಮೂರವರು ಕುಣಿದರು. ಆದರೂ ಎರಡೇ ಎರಡು ಅಂಕದಿಂದ ಸೋತೆವು.

"ನಿಮಗ ಮೊದಲೇ ಇಳಸಿದ್ರ ಗೆದ್ದಿರ್ತಿದ್ವಿ ನೋಡ್ರಿ," ಎಂದು ಜನ ನನ್ನ ಬೆನ್ನು ತಟ್ಟಿದರು. ನಾನು ಬೆನ್ನು ಕೊಟ್ಟು ನಿಂತೆ.

ಸಾಹುಕಾರ ಸೊಲ್ಲಾಪುರದವನನ್ನು ಊರಿಗೂ ಕರೆತರಲಿಲ್ಲ. ಟೀಮಿನ ಗಾಡಿಯಿಂದ ಅವನ ಬ್ಯಾಗನ್ನು ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲೇ ಇಳಿಸಿಬಿಟ್ಟ. ಯಾರೂ ಇಳಿಯಲಿಲ್ಲ. ನಾನು ಇಳಿದೆ, ಯಾಕೆಂದು ಈಗಲೂ ಗೊತ್ತಿಲ್ಲ.

ಅವನು ನನ್ನನ್ನೇ ನೋಡಿದ. "ಅಣ್ಣಾ, ನೀವು ಏನೋ ಹೇಳ್ಬೇಕಂತ ಎದ್ದಿದ್ರಿ. ನಾ ನೋಡೀನಿ. ಮತ್ತ ಯಾಕ ಕೂತ್ರಿ?"

"ಕೋಚ್ ಬಾಯಿ ಮುಚ್ಚಿಸಿದನಲ್ಲಪ್ಪಾ. ನೀನೂ ಕೇಳಿದಿ," ಎಂದೆ.

"ಹೌದ್ರಿ, ಅದೂ ಖರೆ," ಎಂದು ಅವನು ತಲೆಯಾಡಿಸಿ ಬಸ್ಸು ಹತ್ತಿದ.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಕೋಚ್ ಬೈದು ಸ್ಕೋರ್ ಮೇಜಿನ ಕಡೆಗೆ ಹೋದ ಮೇಲೆ ಇವನು ನನ್ನ ಹತ್ತಿರ ಬಂದಿದ್ದ. ತನ್ನ ನೀರಿನ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, "ಮನಸಿಗೆ ಹಚ್ಕೋಬ್ಯಾಡ್ರಿ ಅಣ್ಣಾ," ಎಂದು ಹೇಳಿ ಅಂಗಳಕ್ಕೆ ಇಳಿದಿದ್ದ. ಆಗ ನಮ್ಮಿಬ್ಬರ ಹತ್ತಿರ ಬೇರೆ ಯಾರೂ ಇರಲಿಲ್ಲ.