ಜವಾನನ ಮೇಲೆ ಕೊಟ್ಟ ದೂರು

೧೯೭೧ರಲ್ಲಿ ನಾನು ಹೊಸದುರ್ಗದ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ವಯಸ್ಸು ಇಪ್ಪತ್ತೇಳು, ದನಿ ಮಾತ್ರ ಊರಿಗೇ ಕೇಳುವಂಥದ್ದು. ಪೂರ್ವ ಪಾಕಿಸ್ತಾನದಿಂದ ಜನ ಗಡಿ ದಾಟಿ ನಮ್ಮಲ್ಲಿಗೆ ಬರುತ್ತಿದ್ದ ಸುದ್ದಿ ದಿನಾ ಪತ್ರಿಕೆಯಲ್ಲಿರುತ್ತಿತ್ತು. ದೆಹಲಿಯವರು ಇನ್ನೂ ಕಾಯೋಣ, ಬೇರೆ ದೇಶಗಳ ಜೊತೆ ಮಾತಾಡೋಣ ಎನ್ನುತ್ತಿದ್ದರು. ನನಗೆ ಅದು ಶುದ್ಧ ಹೇಡಿತನವಾಗಿ ಕಾಣುತ್ತಿತ್ತು. ಸೈನ್ಯ ನುಗ್ಗಬೇಕು, ಆ ಜನರನ್ನು ಬಿಡಿಸಬೇಕು ಎಂದು ತರಗತಿಯಲ್ಲೂ ಹೇಳುತ್ತಿದ್ದೆ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲೂ ಹೇಳುತ್ತಿದ್ದೆ. ಒಪ್ಪದವರ ಜೊತೆ ಮಾತು ಬಿಡುತ್ತಿದ್ದೆ.

ಭಾನುವಾರ ಬಂತೆಂದರೆ ಸೈಕಲ್ಲು ಹತ್ತಿ ನಿರಾಶ್ರಿತರಿಗಾಗಿ ಹಳ್ಳಿಗಳಲ್ಲಿ ಬಟ್ಟೆ, ಕಂಬಳಿ ಕೂಡಿಸಲು ಹೋಗುತ್ತಿದ್ದೆ. ಹಾಗೆ ಒಮ್ಮೆ ಕುರಿ ಸಾಕುವವರ ಹಟ್ಟಿಯೊಂದಕ್ಕೆ ಹೋದಾಗ ಅಲ್ಲಿನ ಹಿರಿಯರೊಬ್ಬರು ಯಾರಿಗೆ ಇದೆಲ್ಲ ಎಂದು ಕೇಳಿದರು. ನಮ್ಮ ಒಡಹುಟ್ಟಿದವರಿಗೆ ಎಂದೆ. ಇವತ್ತು ನಾವು ಕೈ ಹಿಡಿದರೆ ಮೂರು ತಲೆಮಾರಾದರೂ ಅವರು ನಮ್ಮನ್ನು ಮರೆಯುವುದಿಲ್ಲ ಎಂದೆ. ಆ ಹಿರಿಯರ ಮಗ ಸೈನ್ಯದಲ್ಲಿದ್ದವನು, ರಜೆಯ ಮೇಲೆ ಬಂದು ಜಗಲಿಯ ಮೇಲೆ ಕೂತಿದ್ದ. ಅವನು, "ನೀವು ಆ ಜನಾನ ನೋಡೀರೇನ್ರಿ ಮೇಷ್ಟ್ರೆ?" ಎಂದ.

ಎಸ್ಸೆಸ್ಸೆಲ್ಸಿ ದಾಟದವನು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ ಎನಿಸಿ ಮೈ ಉರಿಯಿತು. ಓದಿದವರು ಎಲ್ಲವನ್ನೂ ಹೋಗಿ ನೋಡಬೇಕಾಗಿಲ್ಲ ಎಂದು ಹೇಳಿದೆ. ಅವನು ಮೂಗಿನಲ್ಲೇ ನಕ್ಕ. ತಂದೆ ಒಳಗೆ ಹೋಗಿ, ಮಾರಲು ನೇಯಿಸಿಟ್ಟಿದ್ದ ಎರಡು ಹೊಸ ಕಂಬಳಿ ತಂದು ನನ್ನ ಸೈಕಲ್ಲಿನ ಮೇಲೆ ಹಾಕಿದರು.

ಡಿಸೆಂಬರಿನಲ್ಲಿ ಯುದ್ಧವಾಯಿತು. ನಾವು ಗೆದ್ದೆವು, ಹೊಸ ದೇಶ ಹುಟ್ಟಿತು. ಹಟ್ಟಿಯ ಹಿರಿಯರ ಮಗ ಒಂದು ಕಾಲು ಕಳೆದುಕೊಂಡು ಊರಿಗೆ ಬಂದ. ನಮ್ಮ ಶಾಲೆಯಲ್ಲಿ ಅವನಿಗೆ ಸನ್ಮಾನ ಇಟ್ಟುಕೊಂಡೆವು. ನಾನು ಮುಕ್ಕಾಲು ಗಂಟೆ ಮಾತಾಡಿದೆ. ಎರಡೂ ದೇಶಗಳ ನಡುವೆ ಆದ ಸ್ನೇಹದ ಒಪ್ಪಂದದ ಬಗ್ಗೆ ಹೇಳುತ್ತಿದ್ದಾಗ ಅವನು ಊರುಗೋಲು ತೆಗೆದುಕೊಂಡು ವೇದಿಕೆಯಿಂದ ಇಳಿದು ಹೋದ. ಹಾರ ಹಾಗೇ ತಟ್ಟೆಯಲ್ಲಿ ಉಳಿಯಿತು. ಮರುವರ್ಷ ಸರ್ಕಾರ ಅವನಿಗೆ ನಮ್ಮ ಶಾಲೆಯಲ್ಲೇ ಜವಾನನ ಕೆಲಸ ಕೊಟ್ಟಿತು. ಪುಣೆಯಲ್ಲಿ ಹಾಕಿಸಿದ ಕೃತಕ ಕಾಲಿನಲ್ಲಿ ಓಡಾಡುತ್ತ ಗಂಟೆ ಹೊಡೆಯುತ್ತಿದ್ದ, ಹಾಜರಿ ಪುಸ್ತಕ ತರುತ್ತಿದ್ದ. ಉಳಿದ ಮೇಷ್ಟ್ರುಗಳ ಮೇಜಿನ ಮೇಲೆ ನೀರಿನ ಲೋಟ ಇಡುವಾಗ ಒಂದೆರಡು ಮಾತಾಡುತ್ತಿದ್ದ. ನನ್ನ ಹತ್ತಿರ ಬಂದಾಗ ಬಾಯಿ ಮುಚ್ಚುತ್ತಿದ್ದ. ನಾನೂ ಅವನನ್ನು ಕೆಲಸಕ್ಕೆ ಕರೆಯುವಾಗ ಹೆಸರು ಹಿಡಿಯದೆ ಚಪ್ಪಾಳೆ ತಟ್ಟುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು.

೧೯೭೫ರ ಆಗಸ್ಟ್ ಹದಿನೈದರಂದು ನಾವು ಧ್ವಜ ಹಾರಿಸಿದ ದಿನವೇ ಆ ದೇಶದಲ್ಲಿ ಅದರ ನಾಯಕನನ್ನು ಮನೆಮಂದಿಯ ಸಮೇತ ಅಲ್ಲಿನ ಸೈನಿಕರೇ ಕೊಂದರು. ನಮ್ಮಲ್ಲಿ ಆಗ ತುರ್ತು ಪರಿಸ್ಥಿತಿ. ಮೊನ್ನೆಯವರೆಗೆ ಆ ನಾಯಕನನ್ನು ಹೊಗಳುತ್ತಿದ್ದ ದೆಹಲಿ, ಅದು ಅವರ ಮನೆಯೊಳಗಿನ ಸಂಗತಿ ಎಂಬಂತೆ ಸುಮ್ಮನಾಯಿತು. ಹೆಡ್ ಮಾಸ್ಟರು ಆ ವಿಷಯ ತರಗತಿಯಲ್ಲಿ ಎತ್ತಬೇಡಿ ಎಂದು ಎಲ್ಲರಿಗೂ ಹೇಳಿದರು. ಮುಂದೆ ಅಲ್ಲಿ ಆಳುವವರು ಒಬ್ಬರಾದ ಮೇಲೆ ಒಬ್ಬರು ಬದಲಾದರು, ಗಂಗೆಯ ನೀರಿಗೆ ಜಗಳವಾಯಿತು, ನಮ್ಮ ಪತ್ರಿಕೆಗಳ ದನಿಯೂ ಗಡುಸಾಯಿತು. ನನ್ನ ದನಿ ಅದಕ್ಕಿಂತ ಗಡುಸಾಯಿತು. ಹೋಟೆಲಿನಲ್ಲಿ ನನ್ನನ್ನು ಕಂಡವರು, ಏನ್ರಿ ಮೇಷ್ಟ್ರೆ, ಒಡಹುಟ್ಟಿದವರು ಹೇಗಿದಾರೆ ಎಂದು ಆಡಿಕೊಳ್ಳುತ್ತಿದ್ದರು. ಆ ಅವಮಾನಕ್ಕೆ ಹೋಟೆಲಿಗೆ ಹೋಗುವುದನ್ನೇ ಬಿಟ್ಟೆ.

ಎಪ್ಪತ್ತಾರರ ಒಂದು ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ನಾನು ಮಕ್ಕಳ ಮುಂದೆ ಆ ಸಿಟ್ಟನ್ನೆಲ್ಲ ಕಾರಿಕೊಂಡೆ. ಉಪಕಾರ ನೆನೆಯದ ಜನ ಎಂದೆ. ಅಂಥವರಿಗಾಗಿ ನಮ್ಮವರ ರಕ್ತ ಸುರಿದದ್ದು ದಂಡ ಎಂದೆ. ಇನ್ನು ಗಡಿ ಮುಚ್ಚಿ, ಅವರು ಹೊಡೆದಾಡಿಕೊಂಡು ಸಾಯಲು ಬಿಡಬೇಕು ಎಂದೂ ಹೇಳಿದೆ. ಜವಾನ ಗಂಟೆಯ ಪಕ್ಕದಲ್ಲೇ ನಿಂತಿದ್ದ.

ಪ್ರಾರ್ಥನೆ ಮುಗಿದ ಮೇಲೆ ಅವನು ಮೇಷ್ಟ್ರುಗಳ ಕೋಣೆಗೆ ಬಂದು ನೇರ ನನ್ನ ಮೇಜಿನ ಮುಂದೆ ನಿಂತ. ಎಲ್ಲರೂ ಅಲ್ಲೇ ಇದ್ದರು.

"ನಮ್ಮಪ್ಪನ ಕೈಲಿ ಕಂಬಳಿ ಇಸ್ಕಳಾವಾಗ ಒಂದು ಹೇಳಿದ್ರಿ, ಇವತ್ತು ಇನ್ನೊಂದು ಹೇಳಿದ್ರಿ. ಯಾವ್ದು ಸುಳ್ಳು ಮೇಷ್ಟ್ರೆ?"

ಹೊರಗೆ ಹೋಗು ಎಂದೆ. ಅವನು ಹೋಗಲಿಲ್ಲ.

"ಬಾಂಬು ಹೂತಿದ್ದ ಗದ್ದೇಲಿ ನಾನು ಬಿದ್ದಿದ್ದೆ. ನಮ್ಮೋರೇ ಒಳಕ್ಕೆ ಕಾಲಿಡಾಕೆ ಹೆದ್ರಿದ್ರು. ಆ ಊರಿನ ಇಬ್ರು ರೈತರು ತಮ್ಮ ಮನೆ ಬಾಗ್ಲು ಕಿತ್ಕಂಡ್ ಬಂದು, ಅದ್ರ ಮ್ಯಾಲೆ ನನ್ನ ಹೊತ್ಕಂಡೋದ್ರು. ಒಬ್ಬ ವಾಪಸ್ ಹೋಗಾವಾಗ ಅದೇ ಗದ್ದೇಲಿ ಸತ್ತ. ಕಾಲು ಹೋಗಿರೋದು ನಂದು. ನಾನೇ ಅವ್ರನ್ನ ಬಯ್ಯಲ್ಲ, ನೀವ್ಯಾರು ಬಯ್ಯಾಕೆ?"

ಅವನು ಹೇಳಿದ್ದು ನಿಜವೆಂದು ಅವತ್ತೇ ನನಗೆ ಗೊತ್ತಾಯಿತು. ಆದರೂ ಆ ಮಧ್ಯಾಹ್ನ ಕೂತು ಅವನ ಮೇಲೆ ದೂರು ಬರೆದೆ. ಉದ್ಧಟತನ ತೋರಿಸಿದ ಎಂದಷ್ಟೇ ಬರೆದಿದ್ದರೆ ಒಂದು ಎಚ್ಚರಿಕೆಯಲ್ಲಿ ಮುಗಿಯುತ್ತಿತ್ತು. ನಾನು 'ಸರ್ಕಾರದ ನೀತಿಯ ವಿರುದ್ಧ ಮಾತಾಡಿದ' ಎಂದು ಸೇರಿಸಿದೆ. ಆ ದಿನಗಳಲ್ಲಿ ಆ ಮಾತಿಗೆ ಜನರನ್ನು ಎಳೆದುಕೊಂಡು ಹೋಗುತ್ತಿದ್ದರು. ಗೊತ್ತಿದ್ದೇ ಬರೆದೆ.

ಹೆಡ್ ಮಾಸ್ಟರು ಅದನ್ನು ಓದಿ ನನ್ನ ಮುಖವನ್ನೇ ನೋಡಿದರು. ಪೊಲೀಸರವರೆಗೆ ಹೋಗದಂತೆ ಹೇಗೋ ತಡೆದರು. ಬದಲಿಗೆ ಅವನನ್ನು ದೂರದ ತುರುವನೂರಿನ ಶಾಲೆಗೆ ವರ್ಗ ಮಾಡಿಸಿದರು. ಹೊಸದುರ್ಗದಿಂದ ಹೊಳಲ್ಕೆರೆ, ಅಲ್ಲಿಂದ ಚಿತ್ರದುರ್ಗ, ಅಲ್ಲಿಂದ ಮತ್ತೊಂದು ಬಸ್ಸು. ಹಟ್ಟಿಯಲ್ಲಿ ಒಂಟಿಯಾದ ತಂದೆ ಕುರಿಗಳ ಹಿಂದೆ ಓಡಾಡಲಾರದೆ ಮಂದೆಯನ್ನೇ ಮಾರಿ ಮಗನ ಹತ್ತಿರ ಹೋದರೆಂದು ಆಮೇಲೆ ಕೇಳಿದೆ. ಶಾಲೆಯಲ್ಲಿ ಮೇಷ್ಟ್ರುಗಳು ನನ್ನ ಪಕ್ಕದ ಕುರ್ಚಿ ಬಿಟ್ಟು ಕೂರತೊಡಗಿದರು. ಊಟದ ಡಬ್ಬಿಯನ್ನು ನಾನು ಖಾಲಿ ತರಗತಿಯಲ್ಲಿ ಬಿಚ್ಚುತ್ತಿದ್ದೆ.

ಎಪ್ಪತ್ತೇಳರಲ್ಲಿ ಚುನಾವಣೆಯಾಗಿ ಸರ್ಕಾರ ಬದಲಾಯಿತು. ಹೊಸಬರು ನೆರೆಯವರೊಂದಿಗೆಲ್ಲ ಸ್ನೇಹ ಎಂದರು. ವರ್ಷ ಮುಗಿಯುವುದರೊಳಗೆ ಗಂಗೆಯ ನೀರಿಗೂ ಒಪ್ಪಂದವಾಯಿತು. ಹೆಡ್ ಮಾಸ್ಟರು ನನ್ನನ್ನು ಕರೆದು, ಶಾಲೆಯ ವಾರ್ಷಿಕೋತ್ಸವದಲ್ಲಿ ನೆರೆ ದೇಶಗಳ ಸ್ನೇಹದ ಬಗ್ಗೆ ಮಾತಾಡಿ, ನಿಮಗೆ ಹೇಳಿಕೊಡಬೇಕೇ ಎಂದರು. ಅದರಲ್ಲಿ ಕೊಂಕಿತ್ತೋ ಇಲ್ಲವೋ ತಿಳಿಯದು. ನನಗಂತೂ ಚುಚ್ಚಿತು.

ಮುಂದಿನ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ತುರುವನೂರಿಗೆ ಹೋದೆ. ಅವನು ಮನೆಯ ಮುಂದೆ ಕೃತಕ ಕಾಲಿನ ಪಟ್ಟಿಗೆ ಎಣ್ಣೆ ಸವರುತ್ತಿದ್ದ. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ. ಅವನ ತಂದೆ ಮಾತ್ರ ಒಳಗಿನಿಂದ ಬಂದು, "ಕುಂತ್ಕಳ್ರಿ ಮೇಷ್ಟ್ರೆ" ಎಂದು ಗೋಣಿತಾಟು ಹಾಸಿದರು. ದೂರಿನ ವಿಷಯ ಮಗ ಅವರಿಗೆ ಹೇಳಿಯೇ ಇರಲಿಲ್ಲವೆಂದು ಅವರ ಮುಖದಿಂದಲೇ ಗೊತ್ತಾಯಿತು. ಅವರೆದುರೇ ನಾನು ಬರೆದದ್ದನ್ನೆಲ್ಲ ಹೇಳಿದೆ. ಆ ಒಂದು ಸಾಲನ್ನೂ ಬಿಡಲಿಲ್ಲ. ತಪ್ಪಾಯಿತು ಎಂದೆ. ಮತ್ತೆ ಹೊಸದುರ್ಗಕ್ಕೆ ವರ್ಗ ಮಾಡಿಸಲು ನಾನೇ ಓಡಾಡುತ್ತೇನೆ ಎಂದೆ.

ಹಿರಿಯರು ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ.

ಮಗ ಪಟ್ಟಿಯನ್ನು ಬಿಗಿದುಕೊಂಡ. "ನಿಮ್ಮ ಶಾಲೆಗೆ ನಾನು ಬರಲ್ಲ" ಎಂದ. "ನೀವ್ ಇರಾ ತನಕ ಅಲ್ಲಿ ಗಂಟೆ ಹೊಡೆಯಾಕೆ ನಂಗಾಗಲ್ಲ. ಇಲ್ಲಿಗೂ ಇನ್ನೊಂದ್ಸಲ ಬರಬ್ಯಾಡ್ರಿ."

ಸರಿ ಎಂದು ಎದ್ದೆ. ಅವನು ಬೀದಿಯವರೆಗೂ ಬರಲಿಲ್ಲ. ಬಸ್ಸು ತಡವಾಗಿ ಬಂತು. ಅಷ್ಟು ಹೊತ್ತೂ ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದೆ. ಆ ಮನೆಯ ಬಾಗಿಲು ಅಲ್ಲಿಂದ ಕಾಣುತ್ತಿತ್ತು, ಮುಚ್ಚೇ ಇತ್ತು.

ಸೋಮವಾರ ಹೆಡ್ ಮಾಸ್ಟರಿಗೆ ಭಾಷಣ ಮಾಡುವುದಿಲ್ಲ ಎಂದು ತಿಳಿಸಿದೆ. ಕಾರಣ ಕೇಳಿದರು. ಆ ಜನರನ್ನು ನಾನು ನೋಡಿಲ್ಲ ಎಂದೆ.