ದುಪ್ಪಟಿಯ ಹಿಂದೆ ನಮ್ಮಕ್ಕ

ಹಡಗಲಿಯ ನಮ್ಮ ಓಣಿಯ ಗ್ರಂಥಾಲಯದಲ್ಲಿ ಭಾನುವಾರ ಮಕ್ಕಳಿಗೆ ಕಥೆ ಹೇಳುವ ಸರದಿ ಬಂದಾಗ ಹುರುಪಿನಲ್ಲಿ ಹೂಂ ಅಂದುಬಿಟ್ಟೆ. ಮನೆಗೆ ಬಂದು ರೊಟ್ಟಿಗೆ ಹಿಟ್ಟು ನಾದಲು ಕೂತ ಮೇಲೆ ಹೊಳೆಯಿತು: ಕಥೆ ಶುರುಮಾಡಲು ನಾಯಕ ಬೇಕಲ್ಲ! ರಾಜ, ರಾಕ್ಷಸರ ಸಂಗತಿ ನನಗೇನು ಗೊತ್ತು? ನಮ್ಮ ಮನೆಯೊಳಗೇ ಹುಡುಕಿದೆ. ಕಥೆಗೆ ಎದ್ದು ನಿಲ್ಲುವಂಥವಳು ಒಬ್ಬಳೇ ಕಂಡಳು, ನನ್ನ ಗಂಡನ ಅಣ್ಣನ ಹೆಂಡತಿ. ನಾನವಳಿಗೆ ಅಕ್ಕ ಅನ್ನುತ್ತೇನೆ.

ಬೆಳಕು ಹರಿಯುವ ಮೊದಲೇ ಅಕ್ಕ ಮಲ್ಲಿಗೆ ತೋಟದಲ್ಲಿರುತ್ತಾಳೆ. ಮೊಗ್ಗು ಅರಳುವುದರೊಳಗೆ ಬಿಡಿಸಬೇಕು, ಒದ್ದೆ ಬಟ್ಟೆಯಲ್ಲಿ ಸುತ್ತಬೇಕು, ಕೊಟ್ಟೂರಿನ ಬಸ್ಸಿಗೆ ಹಾಕಿ ಬರಬೇಕು. ಚಹಾ ಆಮೇಲೆ. ಉಳಿದ ಮೊಗ್ಗನ್ನು ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಕಟ್ಟುತ್ತಾಳೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಹೂ ಕಟ್ಟುತ್ತಿದ್ದವಳ ಎದುರಿಗೇ ಕೂತು ಓದಿದೆ.

"ಒಂದೂರಲ್ಲಿ ಒಬ್ಬ ಕಷ್ಟಜೀವಿ ಹೆಣ್ಣುಮಗಳಿದ್ದಳು..."

ಅಕ್ಕನ ಬೆರಳು ನಿಂತವು. "ಯಾರಲೇ ಇಕಿ? ಸತ್ತೋಗ್ಯಾಳೇನು?"

"ನೀನ ಅಕ್ಕ!"

"ಅಯ್ಯ ನಿನ್ನ! ನಾ ಇಲ್ಲೇ ಗುಂಡಕಲ್ಲಿನಂಗ ಕುಂತೀನಿ, ನನ್ನ ಸುದ್ದಿ ನೀ ಹೇಳ್ತೀಯಲ್ಲ? ನಮ್ಮ ಬಯಲಾಟದಾಗ ಹಿಂಗಿಲ್ಲ ನೋಡು. ದೊರಿ ಪರದಿ ಹಿಂದ ಬಂದು ನಿಂತಿರ್ತಾನ. ಸಾರಥಿ ಕೇಳ್ತಾನ, ನೀನ್ಯಾರು, ನಿನ್ನ ರಾಜ್ಯ ಯಾವ್ದು ಅಂತ. ದೊರಿ ತನ್ನ ಸುದ್ದಿ ತಾನ ಹೇಳ್ಕಂತಾನ."

ಅಕ್ಕನ ತವರು ಗುಡೇಕೋಟೆಯ ಕಡೆ. ಅವಳ ಅಪ್ಪ ಬಯಲಾಟದಲ್ಲಿ ಸಾರಥಿ. ತಾಲೀಮು ಅವರ ಅಂಗಳದಲ್ಲೇ ನಡೆಯುತ್ತಿತ್ತಂತೆ. ಒಳಗೆ ರೊಟ್ಟಿ ಬಡಿಯುತ್ತ ಬಡಿಯುತ್ತ ಎಲ್ಲ ದೊರೆಗಳ ಮಾತೂ ಇವಳಿಗೆ ಬಾಯಿಪಾಠ. ಒಂದನ್ನು ಕೂತಲ್ಲಿಂದಲೇ ಹೇಳಿ ತೋರಿಸಿದಳು ನೋಡಿ, ಆ ದನಿಗೆ ಕಟ್ಟೆಯ ಮೇಲಿನ ಬೆಕ್ಕು ಎದ್ದು ಓಡಿತು. ನಾನು ಹಾಳೆ ಮಡಿಚಿಟ್ಟೆ.

"ಅಕ್ಕ, ಭಾನುವಾರ ನೀನ ದೊರಿ. ನಾ ಸಾರಥಿ."

"ಹುಚ್ಚಿ! ಪರದಿ ಮುಂದ ಒಂದ್ ಹೆಜ್ಜಿ ಇಟ್ಟಾಕಿ ಅಲ್ಲ ನಾ. ಸಣ್ಣಾಕಿ ಇದ್ದಾಗ ಒಂದ್ಸಲ ಕೇಳಿದ್ದೆ, ಅಪ್ಪಾ ನಾನೂ ಕುಣೀಲೇನು ಅಂತ. 'ಒಳಗ ರೊಟ್ಟಿ ಸೀಯ್ತಾವ ನೋಡು' ಅಂದ." ನಗುತ್ತಲೇ ಹೇಳಿದಳು. ಆದರೆ ಆಮೇಲೆ ಹಾಕಿದ ಗಂಟು ಸಡಿಲಾಗಿ ಮೊಗ್ಗು ಉದುರಿದವು. ಅವಳ ಕೈಯಲ್ಲಿ ಗಂಟು ಸಡಿಲಾಗಿದ್ದನ್ನು ನಾನು ಕಂಡೇ ಇರಲಿಲ್ಲ.

ಆ ವಾರವೆಲ್ಲ ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅನ್ನಲೂ ಇಲ್ಲ. ಬಚ್ಚಲಿನಿಂದ ಮಾತ್ರ ತಾಳ ಹಾಕುವ ಸದ್ದು ಕೇಳುತ್ತಿತ್ತು. ಭಾನುವಾರ ಹೊಸ ಸೀರೆ ಉಟ್ಟು, "ಸುಮ್ನ ನೋಡಾಕ ಬರ್ತೀನಿ" ಅಂದಳು. ಕಂಕುಳಲ್ಲಿ ಹೊದೆಯುವ ದುಪ್ಪಟಿ ಇತ್ತು! ಕಂಡೂ ಕಾಣದವಳಂತೆ ಮುಂದೆ ನಡೆದೆ.

ಗ್ರಂಥಾಲಯದಲ್ಲಿ ಇಬ್ಬರು ಹುಡುಗಿಯರು ದುಪ್ಪಟಿಯನ್ನು ಪರದೆಯಾಗಿ ಹಿಡಿದರು. ಅಕ್ಕ ಹಿಂದೆ ಹೋಗಿ ನಿಂತಳು. ನಾನು ತಲೆಗೆ ಟವಲು ಸುತ್ತಿ ಕೂಗಿದೆ: "ಪರದೆಯ ಹಿಂದೆ ನಿಂತಿರುವ ದೊರೆಯೇ, ತಾವು ಯಾರು?"

ಮತ್ತೆ ಕೂಗಿದೆ. ದುಪ್ಪಟಿಯ ಕೆಳಗೆ ಅವಳ ಕಾಲುಂಗುರಗಳು ಕಾಣುತ್ತಿದ್ದವು, ಹೂತಿಟ್ಟಂತೆ ಅಲ್ಲೇ ಇದ್ದವು. ಮಕ್ಕಳು ಕಿಸಕ್ಕೆಂದರು. ಏನು ಹೊಳೆಯಿತೋ, ಸೊಂಟಕ್ಕೆ ಕೈಯಿಟ್ಟು ಕೆಣಕಿಯೇಬಿಟ್ಟೆ:

"ಯಾಕ್ರೀ ದೊರಿಯವರಽ, ಒಳಗ ರೊಟ್ಟಿ ಸೀಯ್ತಾವೇನು?"

"ಸೀಯ್ಲಿ ಬಿಡೋ ಸಾರಥಿ!"

ಕಪಾಟಿನ ಗಾಜು ನಡುಗಿತು. ಹುಡುಗಿಯರ ಕೈಯಿಂದ ದುಪ್ಪಟಿ ಜಾರಿತು. ಧಿಗ್ಗನೆ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ನಮ್ಮಕ್ಕ ಪರದೆಯ ಮುಂದೆ!

"ನಾವು ಯಾರೆಂದು ಕೇಳುವೆಯಾ? ಮಲ್ಲಿಗೆ ತೋಟವೇ ನಮ್ಮ ರಾಜ್ಯ! ಕೊಟ್ಟೂರ ಬಸ್ಸೇ ನಮ್ಮ ರಥ! ಅದು ಹೊಂಡೂದ್ರಾಗ ಮೊಗ್ಗು ಮುಟ್ಟಿಸ್ಲಿಲ್ಲ ಅಂದ್ರ ನಾ ಎಂಥಾ ದೊರಿ?"

"ತಮ್ಮ ಹೆಸರು?"

"ಹೆಸರು ಹಿಡಿದು ಕರಿಯಾರು ಯಾರದಾರೋ ನಮ್ಮನಿಯಾಗ? ಅಕ್ಕ ಅನ್ನು, ಸಾಕು!"

ಮಕ್ಕಳು ಎದ್ದು ನಿಂತು ಚಪ್ಪಾಳೆ ಹೊಡೆದರು. ಆಮೇಲೆ ಎಲ್ಲರಿಗೂ ಪರದೆಯ ಹಿಂದೆ ಹೋಗಬೇಕು, ಎಲ್ಲರನ್ನೂ ನಾನು ಕೇಳಬೇಕು. ಒಬ್ಬಳ ರಾಜ್ಯ ಅವರಮ್ಮನ ಮಿರ್ಚಿ ಅಂಗಡಿ, ಇನ್ನೊಬ್ಬನದು ಆಡಿನ ಕೊಟ್ಟಿಗೆ. ಗ್ರಂಥಾಲಯದ ಬಾಗಿಲು ಹಾಕುವ ಹೊತ್ತಾದರೂ ಕಥೆ ಶುರುವಾಗಲೇ ಇಲ್ಲ. ನನ್ನ ಹಾಳೆ ಚೀಲದಲ್ಲೇ ಉಳಿಯಿತು.

ಮನೆ ಮುಟ್ಟಿದಾಗ ಭಾವ ಬಾಗಿಲಲ್ಲಿ ನಿಂತಿದ್ದರು. "ಎಷ್ಟೊತ್ತು? ರೊಟ್ಟಿ ಗಿಟ್ಟಿ ಏನರ ಐತೋ ಇಲ್ಲೋ?"

ಅಕ್ಕ ದುಪ್ಪಟಿಯ ಒಂದು ತುದಿಯನ್ನು ಅವರ ಕೈಗಿಟ್ಟು ಹೇಳಿದಳು: "ಕೊಡ್ತೀನಂತ. ಮೊದ್ಲು ಇದನ್ನ ಎತ್ತಿ ಹಿಡೀರಿ."